ಗೋಡೆಯಾಚೆಯ ಮೊಟ್ಟೆಗಳು

ಬೇಕರಿಯವರು ರಟ್ಟಿನ ಡಬ್ಬ ಹಿಡಿದು ಗೇಟಿನ ಹತ್ತಿರ ಬಂದು ನಿಂತಾಗ ಸೊಸೆ ಆಡುಗಳಿಗೆ ನೀರು ಇಡುತ್ತಿದ್ದಳು. ಕೋಳಿಮರಿ ಬೇಕೆಂದು ಬರುವವರು ಖಾಲಿ ಡಬ್ಬ ತರುತ್ತಾರೆ. ಇವರ ಡಬ್ಬದೊಳಗೆ ಏನೋ ಕೆರೆಯುವ ಸದ್ದಿತ್ತು.

"ಬೇಜಾರು ಮಾಡ್ಕೋಬೇಡಿಮ್ಮ. ಹೋದ ತಿಂಗಳು ನಿಮ್ಮಲ್ಲಿ ತಗೊಂಡ ಮರಿಗಳೇ ಇವು. ವಾಪಸ್ ತಂದಿದೀನಿ."

ಸೊಸೆ ಮುಚ್ಚಳ ತೆರೆದು ನೋಡಿದಳು. ಬೂದು ಬಣ್ಣದ ಮರಿಗಳು. ಕಾಲಿನ ಮೇಲೆ ಆಗಷ್ಟೇ ಪುಕ್ಕ ಹೊರಡುತ್ತಿತ್ತು. ಜನ ದೂರದಿಂದ ಈ ಮನೆ ಹುಡುಕಿಕೊಂಡು ಬರುವುದೇ ಆ ಕಾಲುಪುಕ್ಕದ ಬೂದು ಕೋಳಿಗಾಗಿ. ಅವಳು ಒಂದು ಮರಿಯನ್ನು ಎತ್ತಿ ಅಂಗೈ ಮೇಲೆ ನಿಲ್ಲಿಸಿದಳು. ಅದು ನಿಲ್ಲಲಿಲ್ಲ. ಅದರ ಬೆರಳುಗಳು ಒಳಕ್ಕೆ ಮಡಚಿಕೊಂಡು ಮುಷ್ಟಿ ಕಟ್ಟಿದ ಹಾಗಿದ್ದವು.

"ಎಲ್ಲವೂ ಹೀಗೇನಾ?"

"ಕೆಲವು ಸತ್ತುಹೋದವು. ಉಳಿದಿದ್ದೆಲ್ಲ ಹೀಗೇ ಕುಂಟುತ್ತವೆ. ಮನೇಲಿ ಮಕ್ಕಳು ನೋಡಿ ಅಳ್ತವೆ. ದುಡ್ಡೇನೂ ವಾಪಸ್ ಬೇಡಮ್ಮ, ನೆಟ್ಟಗಿರೋ ಮರಿ ಇದ್ರೆ ಕೊಡಿ ಸಾಕು."

ನೆಟ್ಟಗಿರುವ ಮರಿ ಇರಲಿಲ್ಲ. ಹಿಂದಿನ ವಾರ ಕಾವು ಮುಗಿದ ಮೊಟ್ಟೆಗಳಲ್ಲಿ ಅರ್ಧ ಮರಿಗಳು ಚಿಪ್ಪಿನೊಳಗೇ ಸತ್ತಿದ್ದವು. ಹೊರಬಂದವುಗಳಿಗೂ ಇದೇ ಬೆರಳು. ಅದನ್ನು ಹೇಳುವುದೋ ಬೇಡವೋ ಎಂದು ಸೊಸೆ ಯೋಚಿಸುತ್ತಿರುವಾಗಲೇ ಮಾವ ಹೊರಗೆ ಬಂದರು. ಡಬ್ಬದೊಳಗೆ ನೋಡಿದರು. ಒಳಗೆ ಹೋಗಿ ಹಣ ತಂದು ಬೇಕರಿಯವರ ಜೇಬಿಗೆ ತುರುಕಿದರು. ಅವರು ಬೇಡ ಬೇಡ ಎನ್ನುತ್ತಲೇ ಸೈಕಲ್ ಹತ್ತಿದರು.

ಮಧ್ಯಾಹ್ನ ಊಟಕ್ಕೆ ಕರೆದಾಗ ಮಾವ ಜಗಲಿಯಲ್ಲಿ ಕೂತು ಮರಿಯೊಂದರ ಬೆರಳುಗಳನ್ನು ಬಿಡಿಸಿ, ಬೆಂಕಿಕಡ್ಡಿಯ ಆಸರೆ ಕೊಟ್ಟು, ಟೇಪು ಸುತ್ತುತ್ತಿದ್ದರು.

"ತವುಡಿಂದು ತಪ್ಪು," ಎಂದರು ತಟ್ಟೆಯ ಮುಂದೆ ಕೂರುತ್ತ. "ಈಗಿನ ತವುಡಲ್ಲಿ ಸತ್ವಾನೇ ಇಲ್ಲ."

ಮಗ ಮೋಟಾರು ರಿಪೇರಿ ಅಂಗಡಿಯಿಂದ ಊಟಕ್ಕೆ ಬಂದಿದ್ದ. ಉಗುರಿನ ಸಂದಿಯ ಗ್ರೀಸು ಎಷ್ಟು ತೊಳೆದರೂ ಹೋಗಿರಲಿಲ್ಲ. "ತವುಡು ಬದಲಾಯಿಸಿದ್ವಿ, ನೀರಿನ ಪಾತ್ರೆ ಬದಲಾಯಿಸಿದ್ವಿ, ಗೂಡಿಗೆ ಸುಣ್ಣ ಹೊಡೆದ್ವಿ. ಇನ್ನು ಬದಲಾಯಿಸೋಕೆ ಉಳಿದಿರೋದು ನಾವೇ."

"ಹುಂಜ ಉಳಿದಿದೆ," ಎಂದಳು ಸೊಸೆ.

ಮಾವ ಅನ್ನ ಕಲಸುವುದನ್ನು ನಿಲ್ಲಿಸಿದರು.

"ತಪ್ಪು ತಿಳ್ಕೋಬೇಡಿ ಮಾವ. ನಮ್ಮ ಹುಂಜ ನಮ್ಮಲ್ಲೇ ಹುಟ್ಟಿದ್ದು. ಅದರ ಅಪ್ಪನೂ ಇಲ್ಲಿಯದೇ, ಅಜ್ಜನೂ ಇಲ್ಲಿಯದೇ. ಗೂಡಲ್ಲಿರೋ ಕೋಳಿಗಳೆಲ್ಲ ಅದಕ್ಕೆ ಒಂದೋ ಅಕ್ಕ, ಇಲ್ಲಾ ತಂಗಿ. ಒಂದಂತೂ ಅದರ ತಾಯಿನೇ."

"ಊಟ ಮಾಡೋವಾಗ ಎಂಥ ಮಾತೇ ಇದು," ಎಂದು ಅತ್ತೆ ಬೇಳೆಯ ಪಾತ್ರೆಯನ್ನು ಸದ್ದಾಗುವಂತೆ ಇಟ್ಟರು. ಆಮೇಲೆ ಕುತೂಹಲ ತಡೆಯಲಾರದೆ, "ಯಾವುದು, ಆ ಒಂಟಿಗಣ್ಣಿಂದಾ?" ಎಂದರು.

"ಅದೇ ಅತ್ತೆ."

"ಅಯ್ಯೋ."

"ಹೊರಗಿನ ಹುಂಜ ಬಿಟ್ಟರೆ ಇದು ಬೂದು ಕೋಳಿಯಾಗಿ ಉಳಿಯುತ್ತಾ?" ಎಂದರು ಮಾವ. "ಒಂದು ಕೆಂಪು ಹುಟ್ಟುತ್ತೆ, ಒಂದು ಕರಿ ಹುಟ್ಟುತ್ತೆ, ಕಾಲು ಬೋಳು. ನಮ್ಮಮ್ಮ ಜೀವಮಾನವಿಡೀ ಕಾಪಾಡಿದ ತಳಿ."

"ಬೂದು ಹುಂಜವೇ ಸಿಗೋ ಜಾಗ ಇದೆಯಲ್ಲ ಮಾವ."

ಆ ಜಾಗ ಎಲ್ಲರಿಗೂ ಗೊತ್ತಿತ್ತು. ಊಟದ ಕೋಣೆಯ ಕಿಟಕಿಯಿಂದ ನೋಡಿದರೆ ಕಾಣುತ್ತಿತ್ತು ಕೂಡ: ಹಿತ್ತಲಿನ ಇಟ್ಟಿಗೆ ಗೋಡೆ, ಅದರಾಚೆ ಮಾವನ ತಮ್ಮನ ಮನೆಯ ತಗಡಿನ ಮಾಡು. ತಾಯಿ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಂಡಾಗ ಆ ಗೋಡೆ ಬಂತು, ಕೋಳಿಗಳೂ ಅರ್ಧರ್ಧ ಆದವು. ಆದರೆ ಮಾತು ನಿಂತದ್ದು ಗೋಡೆಯಿಂದಲ್ಲ. ಕೆಲವು ವರ್ಷಗಳ ನಂತರ ಮೊಟ್ಟೆ ಅಂಗಡಿಯಲ್ಲಿ, ಗಿರಾಕಿಗಳ ಮುಂದೆ, ಮಾವ "ನಮ್ಮ ತಮ್ಮನ ಮೊಟ್ಟೆ ನೀರಿಗೆ ಹಾಕಿದರೆ ತೇಲುತ್ತೆ" ಎಂದುಬಿಟ್ಟಿದ್ದರು. ತೇಲುವ ಮೊಟ್ಟೆ ಎಂದರೆ ಹಳಸಿದ ಮೊಟ್ಟೆ. ತಮಾಷೆಗೆ ಅಂದದ್ದು ಎಂದು ಅವರು ಈಗಲೂ ಹೇಳುತ್ತಾರೆ. ಅಂಗಡಿಯವನಿಗೆ ತಮಾಷೆ ಅರ್ಥವಾಗಲಿಲ್ಲ. ಅಂದಿನಿಂದ ತಮ್ಮನ ಮೊಟ್ಟೆ ಕೊಳ್ಳುವುದನ್ನೇ ಬಿಟ್ಟ. ತಮ್ಮನೋ ಅಣ್ಣನನ್ನೇ ಬಿಟ್ಟರು.

ಆ ತಮ್ಮ, ಸೊಸೆಗೆ ಚಿಕ್ಕಮಾವ, ಎಲ್ಲಿಂದಲೋ ಒಂದು ಬೂದು ಹುಂಜ ತಂದಿದ್ದರು. ಬಣ್ಣ ಅದೇ, ಕಾಲುಪುಕ್ಕ ಅದೇ. ಜುಟ್ಟು ಮಾತ್ರ ಈ ಮನೆಯ ಹುಂಜದ ಹಾಗೆ ಗರಗಸದ ಹಲ್ಲಿನಂತೆ ಎದ್ದು ನಿಲ್ಲದೆ, ತಲೆಗೆ ಅಂಟಿಸಿದ ಹಾಗೆ ಚಪ್ಪಟೆಯಾಗಿತ್ತು. ಅದಕ್ಕೆ ಹುಟ್ಟಿದ ಮರಿಗಳೆಲ್ಲ ಚಪ್ಪಟೆ ಜುಟ್ಟಿನವೇ. ಚಿಪ್ಪು ಒಡೆದ ದಿನವೇ ನೆತ್ತಿಯ ಮೇಲೆ ಬೆರಳಾಡಿಸಿದರೆ ಗೊತ್ತಾಗುತ್ತಿತ್ತು. ಬೆರಳು ಸೊಟ್ಟಗಿರುವ ಒಂದು ಮರಿಯೂ ಆ ಮನೆಯಲ್ಲಿ ಹುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ.

"ಆ ಮನೆಯದು ಒಂದು ಪುಕ್ಕ ಕೂಡ ಈ ಅಂಗಳಕ್ಕೆ ಬರಕೂಡದು," ಎಂದರು ಮಾವ.

"ಹಾಗಾದರೆ ನನ್ನ ಮಾತು ಕೇಳಿ," ಎಂದ ಮಗ. "ಬ್ರಾಯ್ಲರ್ ಕಂಪನಿಯವನು ವಾರಕ್ಕೊಮ್ಮೆ ಅಂಗಡಿಗೆ ಬಂದು ಕೇಳ್ತಾನೆ. ಶೆಡ್ ನಾವು ಹಾಕೋದು, ಮರಿ ಅವರದ್ದು, ಆಹಾರ ಅವರದ್ದು. ಬೆಳೆದ ಮೇಲೆ ಅವರೇ ಬಂದು ತುಂಬ್ಕೊಂಡು ಹೋಗ್ತಾರೆ. ಮಾರಿದ ಮರಿಗೆ ದುಡ್ಡು ವಾಪಸ್ ಕೊಡೋ ವ್ಯಾಪಾರ ಎಷ್ಟು ದಿನ ಮಾಡೋದು ಅಪ್ಪ?"

"ಮತ್ತೆ ಬೂದು ಕೋಳಿ?"

"ಎರಡೂ ಒಂದೇ ಜಾಗದಲ್ಲಿ ಇಡೋಕೆ ಅವರು ಬಿಡಲ್ಲ. ರೋಗ ಹರಡುತ್ತೆ ಅಂತ."

ಮಾವ ತಟ್ಟೆಯ ಅಂಚಿಗೆ ಬೆರಳು ಒರೆಸಿದರು. ಕೊನೆಗೆ, "ಹಿತ್ತಲಲ್ಲಿ ಒಂದು ಕೋಳಿ ಕಾವಿಗೆ ಕೂರೋ ಹಾಗಿದೆ. ಇದೊಂದು ಕಾವು ನೋಡು. ಇದರಲ್ಲೂ ಬೆರಳು ಸೊಟ್ಟಗೆ ಬಂದರೆ ನೀನು ಶೆಡ್ಡಾದರೂ ಹಾಕು, ಸಿನಿಮಾ ಟಾಕೀಸಾದರೂ ಹಾಕು," ಎಂದು ಎದ್ದರು.

ಹೆಂಗಸರ ಮಾತು ಪೂರ್ತಿ ನಿಂತಿರಲಿಲ್ಲ. ಗೋಡೆಯ ಹತ್ತಿರ ಒಬ್ಬರನ್ನೊಬ್ಬರು ಕಂಡರೂ ಕಾಣದಂತಿದ್ದು, ಹಿಟ್ಟಿನ ಗಿರಣಿಯಲ್ಲಿ ಸಿಕ್ಕರೆ ಮಾತಾಡುತ್ತಿದ್ದರು. ಗಿರಣಿಯ ಸದ್ದಿನಲ್ಲಿ ಪಕ್ಕದವರಿಗೂ ಏನೂ ಕೇಳಿಸುತ್ತಿರಲಿಲ್ಲ. ಚಿಕ್ಕಮಾವನ ಹೆಂಡತಿ, ಚಿಕ್ಕತ್ತೆ, ಸರದಿಯಲ್ಲಿ ಸೊಸೆಯ ಹಿಂದೆಯೇ ಬಂದು ನಿಂತರು.

"ಚಿಕ್ಕತ್ತೆ, ನಿಮ್ಮ ಕೋಳಿ ಮೊಟ್ಟೆ ಬೇಕಿತ್ತು. ಕಾವಿಗೆ ಕೂರಿಸೋಕೆ."

"ನಿಮ್ಮ ಮಾವ ಕೇಳಿದರಾ?"

"ಮಾವನಿಗೆ ಗೊತ್ತಾಗಬಾರದು."

ಚಿಕ್ಕತ್ತೆ ಸೆರಗಿನಿಂದ ಮೂಗಿನ ಮೇಲಿನ ಹಿಟ್ಟು ಒರೆಸಿಕೊಂಡರು. "ನಮ್ಮನೇಲೂ ಗೊತ್ತಾಗಬಾರದು. ನಮ್ಮವರು ಮೊಟ್ಟೆ ಎಣಿಸೋದೇ ಇಲ್ಲ, ಬುಟ್ಟಿ ಎತ್ತಿದ ತಕ್ಷಣ ಒಂದು ಕಮ್ಮಿ ಅಂತಾರೆ. ಒಂದು ಕೆಲಸ ಮಾಡು. ನಿಮ್ಮ ಮೊಟ್ಟೆ ನನಗೆ ಕೊಡು, ನಮ್ಮದು ನೀನು ತಗೋ. ನಮ್ಮಲ್ಲೂ ಒಂದು ಕೋಳಿ ಇವತ್ತು ನಾಳೆ ಕೂರೋದರಲ್ಲಿದೆ."

"ಆದರೆ ನಮ್ಮ ಮೊಟ್ಟೆ ಇಟ್ಟರೆ ನಿಮಗೆ ಸೊಟ್ಟ ಮರಿ ಬರ್ತವಲ್ಲ ಚಿಕ್ಕತ್ತೆ."

"ಬರಲಿ ಬಿಡು, ಒಂದು ಸಲ. ಆ ಕೋಳಿಗಳಿಗೆ ನಮ್ಮತ್ತೆ ಜೊತೆ ನಾನೂ ನುಚ್ಚು ಹಾಕಿದ್ದೀನಿ. ನಿನ್ನ ಗಂಡ ಶೆಡ್ ಹಾಕಿ ಅವನ್ನೆಲ್ಲ ಮಾಂಸದಂಗಡಿಗೆ ಹಾಕೋದನ್ನು ನೋಡ್ಕೊಂಡು ಕೂರೋಕಾಗುತ್ತಾ?"

ಎರಡು ದಿನ ಬಿಟ್ಟು ಇಬ್ಬರೂ ಮತ್ತೆ ಗಿರಣಿಗೆ ಬಂದರು. ಇಬ್ಬರ ಡಬ್ಬವೂ ಒಂದೇ ಅಳತೆಯದು; ಹೊರಡುವಾಗ ಅವು ಅದಲುಬದಲಾದವು. ಹಿಟ್ಟಿನೊಳಗೆ ಹೂತಿಟ್ಟ ಮೊಟ್ಟೆಗಳು ಅಲುಗಾಡದಂತೆ ಸೊಸೆ ಡಬ್ಬವನ್ನು ಮಗುವಿನ ಹಾಗೆ ಎದೆಗವಚಿಕೊಂಡು ನಡೆದು ಬಂದಳು. ಅದೇ ಸಂಜೆ ಕಾವಿನ ಕೋಳಿಯ ಮಂಕರಿಯಲ್ಲಿ ಅವನ್ನು ಇಟ್ಟಳು. ಎರಡೂ ಮನೆಯ ಮೊಟ್ಟೆಗಳ ಬಣ್ಣ ಒಂದೇ, ತಿಳಿ ಕಂದು. ಪೆನ್ಸಿಲಿನಿಂದ ಒಂದು ಗುರುತು ಹಾಕೋಣವೆನಿಸಿತು. ಮಾವ ನೋಡಿದರೆ ಯಾಕೆಂದು ಕೇಳುತ್ತಾರೆಂದು ಹಾಕಲಿಲ್ಲ.

ಕೋಳಿ ಕಾವಿಗೆ ಕೂತ ಮೇಲೆ ಮನೆಯಲ್ಲಿ ಎಲ್ಲರ ನಡವಳಿಕೆಯೂ ಸ್ವಲ್ಪ ಬದಲಾಯಿತು. ಮಾವ ಆಡುಗಳಿಗೆ ತಾವೇ ತವುಡು ತರುತ್ತೇನೆಂದು ಹೊರಟರು. ಆ ಕೆಲಸ ಅವರು ಯಾವತ್ತೂ ಮಾಡಿದವರಲ್ಲ. ಮಧ್ಯಾಹ್ನ ಊಟವಾದ ಮೇಲೆ ಬಟ್ಟೆ ಮುಚ್ಚಿದ ಬುಟ್ಟಿ ಹಿಡಿದು ಎಂದಿನಂತೆ ಒಂದು ಕಾಲು ಎಳೆಯುತ್ತ ಹಿತ್ತಲಿನ ಕಡೆ ಹೋದರು, ಬೆವರಿಕೊಂಡು ಬಂದರು.

"ತವುಡಿನಂಗಡಿ ರಸ್ತೆ ಕಡೆ ಅಲ್ವಾ ಇರೋದು?" ಎಂದು ಅತ್ತೆ ಕೇಳಿದರು.

"ಹಿತ್ತಲಿಂದಾನೂ ದಾರಿ ಇದೆ."

"ಇದೆ. ಆಡಿನ ಕೊಟ್ಟಿಗೆ ಹಿಂದೆ, ಗೋಡೆ ಬಿದ್ದಿರೋ ಕಡೆಯಿಂದ ಹೋದರೆ."

"ನೀನು ಅಡುಗೆ ನೋಡ್ಕೋ."

ಅತ್ತೆ ಅಡುಗೆ ನೋಡಿಕೊಂಡರು. ಆದರೆ ಅಂದು ಸಂಜೆ ಈರುಳ್ಳಿ ಹೆಚ್ಚುತ್ತ ಸೊಸೆಗೆ, "ನಿಮ್ಮ ಮಾವ ಈ ವಯಸ್ಸಲ್ಲಿ ಏನು ಶುರುಮಾಡಿದಾರೋ ಗೊತ್ತಿಲ್ಲ," ಎಂದರು. ಏನೆಂದು ಕೇಳಿದರೆ ಹೇಳಲಿಲ್ಲ. ತಾನು ಸಿಕ್ಕಿಬಿದ್ದೆನೇ ಎಂಬ ಭಯಕ್ಕೆ ಸೊಸೆಯೂ ಮತ್ತೆ ಕೇಳಲಿಲ್ಲ. ದಿನಕ್ಕೆ ಹತ್ತು ಸಲ ಮಂಕರಿಯ ಹತ್ತಿರ ಹೋಗಿ ಬರುವುದು ಅವಳ ಅಭ್ಯಾಸವಾಯಿತು. ಒಮ್ಮೊಮ್ಮೆ ಮಾವನೂ ಅಲ್ಲೇ ಇರುತ್ತಿದ್ದರು. ಇಬ್ಬರೂ ಕೋಳಿಯನ್ನು ನೋಡುತ್ತ ಹವೆಯ ಬಗ್ಗೆ ಮಾತಾಡುತ್ತಿದ್ದರು.

ನಡುವೆ ಒಂದು ದಿನ ಕಂಪನಿಯವನು ಅಳತೆಯ ಟೇಪು ಹಿಡಿದು ಬಂದ. ಅವನು ಅಂಗಳ ಅಳೆಯುತ್ತಿದ್ದಷ್ಟು ಹೊತ್ತೂ ಮಾವ ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂತರು. ಟೇಪಿನ ತುದಿ ಹಿಡಿದಿದ್ದ ಮಗ, "ಬರೀ ಅಳತೆ ಅಪ್ಪ, ಅಳತೆ ತಗೊಂಡರೆ ಶೆಡ್ ಎದ್ದುಬಿಡುತ್ತಾ," ಎಂದ. ಬೂದು ಕೋಳಿಗಳು ಟೇಪನ್ನು ಹಾವೆಂದುಕೊಂಡು ಅದರ ಸುತ್ತ ನಿಂತು ಗಲಾಟೆ ಮಾಡಿದವು.

ಮರಿಗಳು ಹೊರಬಂದ ದಿನ ಸೊಸೆ ಎಲ್ಲರಿಗಿಂತ ಮೊದಲು ಎದ್ದಳು. ಕೋಳಿಯ ರೆಕ್ಕೆಯ ಕೆಳಗೆ ಕೈಹಾಕಿ ಒಂದನ್ನು ತೆಗೆದಳು. ಬೆರಳುಗಳು ಮಡಚಿಕೊಂಡಿದ್ದವು. ಇನ್ನೊಂದನ್ನು ತೆಗೆದಳು. ಅದೂ ಹಾಗೇ. ನೆತ್ತಿಯ ಮೇಲೆ ಬೆರಳಾಡಿಸಿದಳು: ಗರಗಸದ ಹಾಗೆ ಏಳುವ ಸಣ್ಣ ಗೆರೆ. ಇದು ಹೇಗೆ ಸಾಧ್ಯವೆಂದು ಮತ್ತೊಮ್ಮೆ, ಮಗದೊಮ್ಮೆ ಮುಟ್ಟಿ ನೋಡಿದಳು. ಅವಳೇ ಕೈಯಾರೆ ಇಟ್ಟ ಮೊಟ್ಟೆಗಳು. ಚಪ್ಪಟೆ ಜುಟ್ಟು ಎಲ್ಲಿ ಹೋಯಿತು?

ಹಿಂದಿನಿಂದ ಮಾವನ ನೆರಳು ಬಿತ್ತು. ಅವರೂ ಬಗ್ಗಿ ಒಂದು ಮರಿ ಎತ್ತಿಕೊಂಡು, ಮೊದಲು ಕಾಲು ನೋಡದೆ ತಲೆ ಮುಟ್ಟಿ ನೋಡಿದರು. ಅವರ ಮುಖದ ಮೇಲೂ ಇದ್ದದ್ದು ದುಃಖವಲ್ಲ, ಗೊಂದಲ. ಮಾವ ತಲೆಯನ್ನು ಯಾಕೆ ಮುಟ್ಟಿ ನೋಡಿದರು ಎಂಬುದು ಸೊಸೆಗೆ ಆಗ ಹೊಳೆಯಲಿಲ್ಲ.

ಅವಳು ನೇರ ಹಿತ್ತಲಿಗೆ ಹೋಗಿ, ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ಹತ್ತಿ ಗೋಡೆಯಾಚೆ ಕರೆದಳು. "ಚಿಕ್ಕತ್ತೆ, ನೀವು ನನಗೆ ಯಾರ ಮೊಟ್ಟೆ ಕೊಟ್ಟಿರಿ?"

ಚಿಕ್ಕತ್ತೆ ಸುತ್ತಮುತ್ತ ನೋಡಿ ಹತ್ತಿರ ಬಂದರು. "ಅದನ್ನು ನಾನು ಕೇಳಬೇಕು. ನಿಮ್ಮ ಮೊಟ್ಟೆ ಎಲ್ಲ ಒಡೀತು. ಒಂದಕ್ಕೂ ಸೊಟ್ಟ ಬೆರಳಿಲ್ಲ. ಎಲ್ಲ ಚಪ್ಪಟೆ ಜುಟ್ಟು. ನೀನು ನನಗೆ ತಮಾಷೆ ಮಾಡಿದ್ಯಾ?"

"ಚಪ್ಪಟೆ ಜುಟ್ಟಾ?"

"ಬಂದು ನೋಡು ಬೇಕಾದರೆ. ನಮ್ಮವರು ಬೆಳಗಿಂದ ಮೀಸೆ ತಿರುವುತ್ತಾ ಇದಾರೆ."

ಸೊಸೆ ಬಕೆಟ್ಟಿನಿಂದ ಇಳಿದಳು. ಗಿರಣಿಯಲ್ಲಿ ಡಬ್ಬ ಅದಲುಬದಲಾಗಲೇ ಇಲ್ಲವೇ? ಆದರೆ ಮನೆಗೆ ತಂದ ಡಬ್ಬ ಚಿಕ್ಕತ್ತೆಯದೇ. ಅದರ ಹಿಡಿ ಮುರಿದಿತ್ತು. ಇಡೀ ದಿನ ಅವಳು ಪಾತ್ರೆ ತೊಳೆಯುತ್ತ, ಕೊಟ್ಟಿಗೆ ಗುಡಿಸುತ್ತ ಇದನ್ನೇ ಹಿಂದೆಮುಂದೆ ಮಾಡಿ ನೋಡಿದಳು.

ಸಂಜೆ ಊಟಕ್ಕೆ ಮಗ ಕೈತೊಳೆದು ಕೂತವನೇ, "ಅಪ್ಪ, ಮರಿ ನೋಡ್ದೆ," ಎಂದ. ದನಿಯಲ್ಲಿ ಗೆದ್ದ ಖುಷಿಯೇನೂ ಇರಲಿಲ್ಲ. "ನಾಳೆ ಕಂಪನಿಯವನಿಗೆ ಹೇಳ್ತೀನಿ."

"ಹೇಳು," ಎಂದರು ಮಾವ. ಅನ್ನ ಬಾಯಿಗೆ ಹೋಗುತ್ತಿರಲಿಲ್ಲ. "ನನಗೆ ಒಂದೇ ಅರ್ಥ ಆಗ್ತಿಲ್ಲ. ಅವನ ಮೊಟ್ಟೆನೂ ಹೀಗೇ ಆಗೋದಾದರೆ ಅವನ ಮನೇಲಿ ಆ ಮರಿಗಳು ಹೇಗೆ ಓಡಾಡ್ತವೆ?"

ಮಗ ತಟ್ಟೆಯಿಂದ ತಲೆಯೆತ್ತಿದ.

"ಯಾರ ಮೊಟ್ಟೆ?" ಎಂದ ಮಗ.

ಮಾವ ನೀರಿನ ಲೋಟ ಎತ್ತಿಕೊಂಡು ಬಹಳ ಹೊತ್ತು ಕುಡಿದರು.

"ಹೇಳಿಬಿಡಿ," ಎಂದರು ಅತ್ತೆ. "ಬುಟ್ಟಿ ತುಂಬ ತವುಡು ತಂದು ಆಡಿಗೆ ಒಂದು ಹಿಡಿನೂ ಹಾಕದೆ ಇದ್ದಾಗಲೇ ನನಗೆ ಅನುಮಾನ ಬಂತು."

ಲೋಟ ಕೆಳಗಿಟ್ಟು ಮಾವ ಗೋಡೆ ನೋಡುತ್ತ ಹೇಳಿದರು. ಕಾವಿನ ಕೋಳಿ ದಿನಕ್ಕೊಂದು ಸಲ ಮೇವಿಗೆಂದು ಎದ್ದುಹೋಗುತ್ತದಲ್ಲ, ಆ ಹೊತ್ತು ನೋಡಿಕೊಂಡು ನಮ್ಮ ಮಂಕರಿಯ ಮೊಟ್ಟೆ ಎಲ್ಲ ತವುಡಿನಲ್ಲಿ ಹೂತು, ಗೋಡೆ ಬಿದ್ದ ಜಾಗದಿಂದ ದಾಟಿ, ತಮ್ಮ ಮಲಗಿರುವಾಗ ಅವನ ಕೋಳಿಯ ಕೆಳಗಿಟ್ಟು, ಅಲ್ಲಿದ್ದವನ್ನು ಇಲ್ಲಿಗೆ ತಂದೆ. ಕೂರಿಸಿ ಎರಡೇ ದಿನವಾಗಿತ್ತು, ಮೊಟ್ಟೆಗೆ ಏನೂ ಆಗಿಲ್ಲ. ಅಲುಗಾಡಿಸದೆ ತಂದೆ.

ಸೊಸೆ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. "ಮಾವ, ನೀವು ದಾಟಿಸಿದ್ದು ಅವರ ಮೊಟ್ಟೆನೇ. ನಾನು ಎರಡು ದಿನ ಮೊದಲೇ ಬದಲಾಯಿಸಿದ್ದೆ. ನೀವು ವಾಪಸ್ ತಂದಿದ್ದು ನಮ್ಮದು."

ಮಾವ ಅವಳ ಕಡೆ ತಿರುಗಿದರು. ಮಗ ಅಪ್ಪನನ್ನೂ ಹೆಂಡತಿಯನ್ನೂ ಒಬ್ಬರಾದ ಮೇಲೊಬ್ಬರನ್ನು ನೋಡಿದ. ಮೊದಲು ನಕ್ಕದ್ದು ಅತ್ತೆ. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗದೆ ಅವರು ಎದ್ದು ಅಡುಗೆಮನೆಗೆ ಹೋದರು, ಅಲ್ಲಿಂದಲೂ ಕೇಳಿಸುತ್ತಿತ್ತು.

"ನಮ್ಮ ಮೊಟ್ಟೆನೇ ಕದ್ದುಕೊಂಡು ಬಂದೆನಾ," ಎಂದರು ಮಾವ ಮೆಲ್ಲಗೆ.

"ಬೆವರು ಬೇರೆ ಸುರಿಸಿಕೊಂಡು," ಎಂದು ಒಳಗಿನಿಂದ ಅತ್ತೆ.

"ಹಾಗಿದ್ದರೆ ಪರೀಕ್ಷೆನೇ ನಡೆದಿಲ್ಲ," ಎಂದಳು ಸೊಸೆ ಗಂಡನ ಕಡೆ ತಿರುಗಿ. "ಅವರ ಹುಂಜದ ಮೊಟ್ಟೆ ಇಲ್ಲಿ ಒಡೆದೇ ಇಲ್ಲ ರೀ. ಅಲ್ಲಿ ಒಡೆದಿದೆ, ಎಲ್ಲ ನೆಟ್ಟಗಿದೆ."

"ಚೆನ್ನಾಗಿದೆ. ಇಬ್ಬರೂ ಕಳ್ಳರು, ಒಬ್ಬರಿಗೊಬ್ಬರು ಸಾಕ್ಷಿ." ಮಗ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಎರಡು ತುತ್ತು ತಿಂದ. "ಇನ್ನೊಂದು ಕಾವಿನವರೆಗೆ ಕಾಯ್ತೀನಿ. ಆದರೆ ಕದ್ದು ಮುಚ್ಚಿ ಅಲ್ಲ. ಹೋಗಿ ಕೇಳು ಅಪ್ಪ. ಆಮೇಲೆ ಒಂದೇ ಒಂದು ಸೊಟ್ಟ ಬೆರಳು ಕಂಡರೂ ಎಲ್ಲ ಕೋಳಿನೂ ಮಾಂಸದಂಗಡಿಗೆ. ಆಗ ತವುಡು, ನೀರು, ಹುಂಜ ಅನ್ನೋ ಹಾಗಿಲ್ಲ."

"ಆಗಲಿ," ಎಂದರು ಮಾವ.

ಮರುದಿನ ಬೆಳಿಗ್ಗೆ ಅವರು ಹೋಗುವಾಗ ಹೆಂಡತಿಯನ್ನೂ ಸೊಸೆಯನ್ನೂ ಕರೆದುಕೊಂಡು ಹೋದರು. ಗೋಡೆಯ ಸಂದಿಯಿಂದಲ್ಲ, ರಸ್ತೆಯ ಗೇಟಿನಿಂದ. ಚಿಕ್ಕಮಾವ ಅಂಗಳದಲ್ಲಿ ನೀರಿನ ತೊಟ್ಟಿ ತಿಕ್ಕುತ್ತಿದ್ದರು. ತಲೆಯೆತ್ತಿ ನೋಡಿ ಮತ್ತೆ ತಿಕ್ಕಿದರು.

"ನಿನ್ನ ಮೈದುನನಿಗೆ ಹೇಳು," ಎಂದರು ಮಾವ ಅತ್ತೆಗೆ, "ಅವನ ಕೋಳಿ ಕೆಳಗಿನ ಮೊಟ್ಟೆ ನಾನು ತೆಗೆದೆ ಅಂತ."

ಅತ್ತೆ ಬಾಯಿ ತೆರೆಯುವ ಮೊದಲೇ ಚಿಕ್ಕಮಾವ ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಹೇಳಿದರು, "ಗೊತ್ತು ಅಂತ ಹೇಳು. ಕೋಳಿ ಗೂಡಿನ ಮುಂದೆ ಚಪ್ಪಲಿ ಗುರುತಿತ್ತು. ಒಂದು ಕಾಲು ಎಳೆದು ನಡೆಯೋರು ಈ ಬೀದೀಲಿ ಒಬ್ಬರೇ."

"ಗೊತ್ತಿದ್ದೂ ಸುಮ್ಮನಿದ್ದನಾ, ಕೇಳು."

"ತೆಗೆದಷ್ಟೇ ಇಟ್ಟಿದ್ದರು. ಕಳ್ಳ ಬಂದರೆ ತಗೊಂಡು ಹೋಗ್ತಾನೆ. ಇದೆಂಥ ಕಳ್ಳತನ, ನೋಡೋಣ ಅಂತ ಸುಮ್ಮನಿದ್ದೆ ಅಂತ ಹೇಳು."

"ನಿಮ್ಮಿಬ್ಬರ ಮಧ್ಯೆ ನಮ್ಮ ಕತ್ತು ಉಳುಕುತ್ತೆ," ಎಂದರು ಚಿಕ್ಕತ್ತೆ. "ಭಾವ, ಹುಂಜ ಬೇಕಾ? ಬೇಕು ಅಂತ ನೀವೇ ಹೇಳಿ."

ಮಾವ ತೊಟ್ಟಿಯನ್ನು ನೋಡುತ್ತ, "ಬೇಕು," ಎಂದರು.

ಚಿಕ್ಕಮಾವ ತೊಟ್ಟಿಯ ನೀರು ಚೆಲ್ಲಿದರು. "ಹುಂಜ ನಮ್ಮ ಅಂಗಳ ಬಿಟ್ಟು ಬರಲ್ಲ ಅಂತ ಹೇಳು. ಕೋಳಿಗಳನ್ನು ಇಲ್ಲಿಗೆ ತಂದು ಬಿಡಲಿ. ಹಗಲು ಹೊತ್ತಿನಲ್ಲಿ, ಬೀದಿ ಮೇಲಿಂದ."

ಹಾಗೇ ಆಯಿತು. ಮಾವ ಒಂದೊಂದು ಕಂಕುಳಲ್ಲಿ ಒಂದೊಂದು ಕೋಳಿ ಇರುಕಿಕೊಂಡು ಬೀದಿಯ ಮೇಲೆ ಹೋದರು, ಬರಿಗೈಲಿ ಬಂದರು, ಮತ್ತೆ ಹೋದರು. ಬೇಕರಿಯವರು ಅಂಗಡಿಯ ಬಾಗಿಲಿಗೆ ಬಂದು ನಿಂತರು. ಮೊಟ್ಟೆ ಅಂಗಡಿಯವನು ಏನೋ ಕೇಳಿದ. ಮಾವ ನಿಂತು, ಕಂಕುಳಲ್ಲಿ ಕೋಳಿ ಒದ್ದಾಡುತ್ತಿದ್ದರೂ, ಅವನಿಗೆ ಏನನ್ನೋ ಬಹಳ ಹೊತ್ತು ವಿವರಿಸಿದರು. ಏನೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಆ ವಾರದಿಂದ ಅಂಗಡಿಯವನ ಸೈಕಲ್ಲು ಚಿಕ್ಕಮಾವನ ಗೇಟಿನ ಮುಂದೆಯೂ ನಿಲ್ಲತೊಡಗಿತು.

ಕೋಳಿಗಳನ್ನು ಬಿಟ್ಟ ಕೂಡಲೇ ಕೆಲಸ ಮುಗಿಯಲಿಲ್ಲ. ಹಳೆಯ ಹುಂಜದಿಂದ ದೂರವಾದ ಮೇಲೂ ಎರಡು ಮೂರು ವಾರ ಕೋಳಿ ಇಡುವ ಮೊಟ್ಟೆಯಲ್ಲಿ ಹಳೆಯ ಹುಂಜದ ಮರಿಯೇ ಇರಬಹುದು. ಅಷ್ಟು ದಿನದ ಮೊಟ್ಟೆಯನ್ನು ಕಾವಿಗೆ ಇಡುವಂತಿಲ್ಲ. ಚಿಕ್ಕತ್ತೆ ದಿನಾ ಸಂಜೆ ಆ ಮೊಟ್ಟೆಗಳನ್ನು ಗೋಡೆಯ ಮೇಲಿಟ್ಟು ಕೂಗುತ್ತಿದ್ದರು. ಮಾರುವಷ್ಟು ಮಾರಿದರು, ಉಳಿದದ್ದನ್ನು ತಿಂದರು. ಬೇಯಿಸಿದ ಮೊಟ್ಟೆ, ಹುರಿದ ಮೊಟ್ಟೆ, ಅನ್ನದೊಳಗೆ ಮೊಟ್ಟೆ, ಬ್ರೆಡ್ಡಿನೊಳಗೆ ಮೊಟ್ಟೆ.

"ಬ್ರಾಯ್ಲರ್ ಶೆಡ್ ಹಾಕಿದ್ದರೆ ಒಂದು ಮೊಟ್ಟೆನೂ ಇಡ್ತಿರಲಿಲ್ಲ," ಎಂದ ಮಗ ಒಂದು ದಿನ ತಟ್ಟೆ ನೋಡಿ.

"ತಿನ್ನು ಸುಮ್ಮನೆ," ಎಂದರು ಅತ್ತೆ. "ಇದಾದರೂ ನೆಟ್ಟಗಿದೆ."

ಮಾವ ಬೆಳಿಗ್ಗೆ ಎದ್ದವರೇ ತಮ್ಮನ ಅಂಗಳಕ್ಕೆ ಹೋಗುತ್ತಿದ್ದರು. ತಮ್ಮ ಕೋಳಿಗಳು ಬೇರೆಯವರ ಕೈಯಿಂದ ತಿನ್ನುವುದಿಲ್ಲವೆಂಬುದು ಅವರ ವಾದ. ಅವು ಯಾರು ಹಾಕಿದರೂ ತಿನ್ನುತ್ತಿದ್ದವು. ಅಲ್ಲಿ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಕೋಳಿಗಳ ಜೊತೆ ಮಾತಾಡುತ್ತಿದ್ದರು. "ಇಷ್ಟು ನುಚ್ಚು ಹಾಕಿದರೆ ಕೊಬ್ಬು ಬಂದು ಮೊಟ್ಟೆ ನಿಲ್ಲಿಸ್ತೀಯಾ ನೋಡು," ಎಂದು ಚಿಕ್ಕಮಾವ ಒಂಟಿಗಣ್ಣಿನ ಕೋಳಿಗೆ ಹೇಳುತ್ತಿದ್ದರು. "ಗಂಟಲು ಒಣಗಿದರೂ ಇಲ್ಲಿ ನೀರು ಇಡೋರು ಗತಿಯಿಲ್ಲ ನಿಂಗೆ," ಎಂದು ಮಾವ ಅದೇ ಕೋಳಿಗೆ ಹೇಳುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ನೀರು ಬರುತ್ತಿತ್ತು. ಚಿಕ್ಕತ್ತೆ ಎರಡು ಲೋಟ ಚಹ ತಂದು ಮೆಟ್ಟಿಲ ಮೇಲೆ, ಎರಡು ಮೊಳ ಅಂತರ ಬಿಟ್ಟು, ಇಟ್ಟುಹೋಗುತ್ತಿದ್ದರು.

ಸೊಸೆ ಮಾವನನ್ನು ತಿಂಡಿಗೆ ಕರೆಯಲು ಹೋದಾಗಲೆಲ್ಲ ಗೇಟಿನಲ್ಲೇ ಸ್ವಲ್ಪ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಇವತ್ತಾದರೂ ಒಂದು ಮಾತು ನೇರವಾಗಿ ಆಡುತ್ತಾರೆಯೇ ಎಂದು. ಆಡುತ್ತಿರಲಿಲ್ಲ.

ಮೊಟ್ಟೆ ಕೂಡಿಡುವ ದಿನ ಬಂದಿತು. ಒಂಟಿಗಣ್ಣಿನ ಕೋಳಿಯೇ ಕಾವಿಗೆ ಬಂತು. ಅದನ್ನು ಮನೆಗೆ ತರೋಣವೆಂದರೆ, ಜಾಗ ಬದಲಾದರೆ ಕಾವು ಬಿಟ್ಟು ಎದ್ದುಬಿಡುತ್ತದೆ; ಅಲ್ಲೇ ಇರಲಿ ಎಂದರು ಮಾವ. ಚಿಕ್ಕಮಾವ ಚಾವಡಿಯ ಮೂಲೆ ಖಾಲಿ ಮಾಡಿ, ಹುಲ್ಲು ಹಾಸಿ, ಬುಟ್ಟಿ ಇಟ್ಟರು.

ಚಿಪ್ಪು ಒಡೆಯುವ ದಿನ ಮಗ ಅಂಗಡಿಗೆ ರಜೆ ಹಾಕಿದ. ಬೆಳಿಗ್ಗೆಯಿಂದ ಅವನು ಮೂರು ಸಲ ಗೋಡೆಯ ಹತ್ತಿರ ಹೋಗಿ ಬಂದದ್ದನ್ನು ಸೊಸೆ ನೋಡಿದಳು. ಯಾವುದು ಹುಟ್ಟಲಿ ಎಂದು ಅವನು ಬಯಸುತ್ತಿದ್ದಾನೆ ಎಂಬುದನ್ನು ಅವಳು ಕೇಳಲಿಲ್ಲ. ಅವನಿಗೇ ಗೊತ್ತಿದ್ದಂತೆ ಕಾಣಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚಿಕ್ಕತ್ತೆ ಕೂಗಿದಾಗ ಮನೆಮಂದಿಯೆಲ್ಲ ಒಲೆ ಆರಿಸಿ ಹೊರಟರು.

ಚಾವಡಿಯಲ್ಲಿ ಮಾವ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಎದುರಿಗೆ ಚಿಕ್ಕಮಾವ. ಒಂದು ಮೊಟ್ಟೆಯೂ ಹಾಳಾಗಿರಲಿಲ್ಲ, ಚಿಪ್ಪುಗಳೆಲ್ಲ ಪಕ್ಕದಲ್ಲಿ ರಾಶಿಯಾಗಿದ್ದವು. ಮಾವ ಕೋಳಿಯ ಎದೆಯ ಕೆಳಗೆ ಕೈಹಾಕಿ ಒಂದೊಂದೇ ಮರಿಯನ್ನು ತೆಗೆದು, ಅಂಗೈ ಮೇಲೆ ನಿಲ್ಲಿಸಿ, ಬೆರಳು ನೋಡಿ, ತಮ್ಮನ ಮುಂದೆ ನೆಲದ ಮೇಲೆ ಬಿಡುತ್ತಿದ್ದರು. ಮರಿ ನಿಲ್ಲುತ್ತಿತ್ತು, ಎರಡು ಹೆಜ್ಜೆ ಇಟ್ಟು ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು. ತುಪ್ಪಳ ಇನ್ನೂ ಒದ್ದೆ. ಒಂದು, ಇನ್ನೊಂದು, ಮತ್ತೊಂದು. ಎಲ್ಲವೂ ನೆಟ್ಟಗೆ. ಚಿಕ್ಕಮಾವ ಅವನ್ನು ಸೇರಿಸಿ ಬಟ್ಟೆಯ ಮೇಲೆ ಬಿಟ್ಟುಕೊಳ್ಳುತ್ತಿದ್ದರು. ಅತ್ತೆ ಚಿಕ್ಕತ್ತೆಯ ಮೊಣಕೈ ಹಿಡಿದುಕೊಂಡಿದ್ದರು.

ಕೊನೆಯದನ್ನು ತೆಗೆದ ಮಾವನ ಕೈ ಕೋಳಿಯ ರೆಕ್ಕೆಯ ಅಂಚಿನಲ್ಲೇ ನಿಂತಿತು.

ಅವರು ಅದನ್ನು ಅಲ್ಲೇ ಒಳಕ್ಕೆ ತಳ್ಳಬಹುದಿತ್ತು. ನಿಂತವರಿಗೆ ಕಾಣುತ್ತಿರಲಿಲ್ಲ; ಸೊಸೆ ಬಾಗಿಲ ಬದಿಯಿಂದ ಓರೆಯಾಗಿ ನೋಡುತ್ತಿದ್ದರಿಂದ ಅವಳಿಗೆ ಮಾತ್ರ ಕಂಡಿತು. ಮಡಚಿಕೊಂಡಿದ್ದ ಒಂದೇ ಒಂದು ಬೆರಳು.

ಮಾವ ಕೈ ಹೊರತೆಗೆದು, ಮಗನ ಕಡೆ ತಿರುಗಿ, ಅಂಗೈ ಚಾಚಿದರು.

"ಒಂದಿದೆ ಕಣಪ್ಪ," ಎಂದರು. "ನೋಡು."

ಮಗ ಬಗ್ಗಿ ನೋಡಿದ. ಮರಿ ಅಪ್ಪನ ಕೈಮೇಲೆ ಓಲಾಡಿ, ಸೊಟ್ಟ ಬೆರಳಿನ ಕಾಲನ್ನು ಸ್ವಲ್ಪ ಎತ್ತಿಕೊಂಡು, ನಿಂತಿತು. ಮಗ ಅದನ್ನು ಎತ್ತಿಕೊಂಡು ಗ್ರೀಸು ಅಂಟಿದ ಹೆಬ್ಬೆರಳಿನಿಂದ ಆ ಬೆರಳನ್ನು ಬಿಡಿಸಿದ. ಬಿಟ್ಟ ತಕ್ಷಣ ಅದು ಮತ್ತೆ ಮಡಚಿಕೊಂಡಿತು. ಇನ್ನೊಮ್ಮೆ ಬಿಡಿಸಿದ.

"ಬೆಂಕಿಕಡ್ಡಿ ಕಟ್ಟಿದರೆ ಸರಿಹೋಗುತ್ತಾ ಇದು?" ಎಂದ.

"ಹೋಗಲೂಬಹುದು. ಹೋಗದೇನೂ ಇರಬಹುದು."

"ಕಟ್ಟಿ ನೋಡೋಣ ಬಿಡು." ಅವನು ಮರಿಯನ್ನು ಕೋಳಿಯ ಕೆಳಗೆ ತೂರಿಸಿದ. ಎದ್ದು ನಿಂತು, ಯಾರ ಮುಖವನ್ನೂ ನೋಡದೆ, "ಕಂಪನಿಯವನಿಗೆ ಬರೋದು ಬೇಡ ಅಂತ ಹೇಳ್ತೀನಿ," ಎಂದ.

ಮಾವ ತಲೆಯಾಡಿಸಿ, ಬಟ್ಟೆಯ ಮೇಲಿದ್ದ ಮರಿಗಳನ್ನೂ ಬುಟ್ಟಿಗೆ ಬಿಟ್ಟರು. ಆಮೇಲೆ, ನಂಬಿಕೆ ಸಾಲದವರಂತೆ, ಇನ್ನೊಮ್ಮೆ ಎಲ್ಲವನ್ನೂ ನೋಡಿಬಿಡೋಣವೆಂದು ಬುಟ್ಟಿಯೊಳಕ್ಕೆ ಕೈಹಾಕಿದರು. ಕೋಳಿ ಪುಕ್ಕ ಕೆದರಿ ಕೊಕ್ಕಿನಿಂದ ಕುಟುಕಲು ಬಂತು.

"ಸಾಕು, ಕೈ ತೆಗಿ ಅಣ್ಣಾ," ಎಂದರು ಚಿಕ್ಕಮಾವ. "ಅದಕ್ಕೆ ಗಾಬರಿಯಾಗುತ್ತೆ."

ಮಾವ ಕೈ ತೆಗೆದರು.